ಒಂದು ಬುಟ್ಟಿಯಲ್ಲಿ ಮಗಳು, ಇನ್ನೊಂದರಲ್ಲಿ ಪುಸ್ತಕ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಜನಾಬ್ ಅಬ್ದುಲ್ ಬಾಸಿತ್ ಅವರೇ, ಬುರೈದಾದಿಂದ ಬೆಳಿಗ್ಗೆಯೇ ಹೊರಟು ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದು ನನ್ನ ಪುಸ್ತಕವನ್ನು ಬಿಡುಗಡೆ ಮಾಡಿದ ಡಾಕ್ಟರ್ ಚೇತನ್ ಅವರೇ, ನಿರೂಪಣೆಯ ಹೊಣೆ ಹೊತ್ತ ಶ್ರಾವ್ಯಾ ಅವರೇ, ಸಂಘದ ಪದಾಧಿಕಾರಿಗಳೇ, ಜುಮಾ ನಮಾಝ್ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರೇ, ಜುಮಾ ಇಲ್ಲದಿದ್ದರೂ ಊಟದ ಹೊತ್ತಿಗೆ ಸರಿಯಾಗಿ ತಲುಪಿದವರೇ, ಹಿಂದಿನ ಸಾಲಿನಲ್ಲಿ ಕುಳಿತು ನನ್ನ ಮಾತಿನ ನಿಮಿಷಗಳನ್ನು ಎಣಿಸುತ್ತಿರುವ ನನ್ನ ಪತ್ನಿ ಉಷಾ ಅವರೇ, ಸಭಿಕರೇ,

ಅಧ್ಯಕ್ಷರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. "ಮಾಷ್ಟ್ರೇ, ಚೀನಾದ್ದು ಸ್ವಲ್ಪ ಹೇಳಿ, ಮತ್ತೆ ನಮ್ಮದು ಸ್ವಲ್ಪ ಹೇಳಿ, ಬಿರಿಯಾನಿ ದಮ್ಮಿಗೆ ಇಟ್ಟಾಗಿದೆ" ಎಂದು ಈಗಷ್ಟೇ ಕಿವಿಯಲ್ಲಿ ಎಚ್ಚರಿಸಿದರು. ಗಂಟೆ ಹೊಡೆದ ಮೇಲೂ ಪಾಠ ಮುಂದುವರಿಸುವುದು ಇಪ್ಪತ್ತೇಳು ವರ್ಷಗಳಿಂದ ನನ್ನ ದುರಭ್ಯಾಸ. ಇಂದು ಗಂಟೆಯ ಬದಲು ಪರಿಮಳವಿದೆ. ಪ್ರಯತ್ನಿಸುತ್ತೇನೆ.

ನನ್ನ ಪರಿಚಯ ಮಾಡಿಕೊಡುವಾಗ ಶ್ರಾವ್ಯಾ ಅವರು ತುಂಬ ಒಳ್ಳೆಯ ಮಾತುಗಳನ್ನು ಓದಿದರು. ಆ ಹಾಳೆಯನ್ನು ಬರೆದುಕೊಟ್ಟವನು ನಾನೇ. ಶಿವರಾಮ ಎಂಬ ಹೆಸರಿನವನು, ಹುಣಸೂರಿನವನು, ಇತಿಹಾಸದ ಮೇಷ್ಟ್ರಾಗಿ ರಿಯಾದಿಗೆ ಬಂದು ಅದೇ ಶಾಲೆಯಲ್ಲಿ ಉಪಪ್ರಾಂಶುಪಾಲನಾದವನು, ಬರುವ ತಿಂಗಳು ಎಕ್ಸಿಟ್ ಹಾಕಿಸಿಕೊಂಡು, ಇಲ್ಲಿನ ಕೆಲಸ ಮುಗಿಸಿ ಮೈಸೂರಿಗೆ ಹೊರಟವನು. ಇಷ್ಟು ನಿಜ. "ಅಕ್ಷರವಂಚಿತರ ಬಂಧು" ಎಂಬ ಮಾತೊಂದು ಅದರಲ್ಲಿತ್ತು. ಅದೂ ನನ್ನದೇ. ಎರಡು ವಾರದ ಹಿಂದೆ ಬರೆದದ್ದು. ಕಳೆದ ವಾರ ಬರೆದಿದ್ದರೆ ಬರೆಯುತ್ತಿರಲಿಲ್ಲ.

ಮೊದಲು ಚೀನಾ.

ಹುಣಸೂರಿನವನಿಗೂ ಚೀನಾಕ್ಕೂ ಏನು ಸಂಬಂಧ? ಎಲ್ಲರೂ ಕೇಳುವ ಪ್ರಶ್ನೆ ಇದು. ಮಂಗಳೂರಿನವರಾದ ನೀವು ಕೇಳಬಾರದು. ನಿಮ್ಮೂರಿಗೆ ಶಾಲೆ ತಂದ, ಅಚ್ಚಿನ ಯಂತ್ರ ತಂದ, ಹೆಂಚಿನ ಕಾರ್ಖಾನೆ ತಂದ ಜರ್ಮನ್ ಪಾದ್ರಿಗಳ ಸಂಘವೇ ದಕ್ಷಿಣ ಚೀನಾದ ಹಳ್ಳಿಗಳಿಗೂ ಪಾದ್ರಿಗಳನ್ನು ಕಳಿಸಿತ್ತು. ಹನ್ನೆರಡು ವರ್ಷದ ಹಿಂದೆ ಇಲ್ಲಿ ಕುಳಿತು ಮಂಗಳೂರಿನ ಹಳೆಯ ಶಾಲೆಗಳ ಬಗ್ಗೆ ಹುಡುಕುತ್ತಿದ್ದೆ. ಹುಡುಕುತ್ತ ತಪ್ಪು ಕಡತ ತೆರೆದೆ. ಮುಚ್ಚಲಿಲ್ಲ. ಬೇರೆ ಬೇರೆ ಮಿಷನ್ನುಗಳ ಪತ್ರಗಳು, ವರದಿಗಳು, ವಾರ್ಷಿಕ ಸಂಚಿಕೆಗಳು, ಎಲ್ಲ ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ. ಮರುಭೂಮಿಯ ಬೇಸಿಗೆಯಲ್ಲಿ ಏಸಿ ಹಾಕಿಕೊಂಡು ಒಬ್ಬ ಮನುಷ್ಯ ಮಾಡಬಹುದಾದ ಕೆಲಸ ಅದು. ಈಗ ನೋಡಿ, ಈ ದೇಶದ ಶಾಲೆಗಳಲ್ಲೇ ಚೀನೀ ಭಾಷೆ ಕಲಿಸಲು ಚೀನಾದಿಂದ ಮೇಷ್ಟ್ರುಗಳು ಬಂದಿದ್ದಾರೆ. ಯಾರು ಯಾರಿಗೆ ಕಲಿಸುತ್ತಾರೆ ಎಂಬುದು ಇತಿಹಾಸದಲ್ಲಿ ಬಹಳ ಕಾಲ ಒಂದೇ ಕಡೆ ನಿಲ್ಲುವುದಿಲ್ಲ.

ಮಿಷನರಿಗಳು ಹೋದಾಗ ಚೀನಾದಲ್ಲಿ ಶಾಲೆಗಳಿರಲಿಲ್ಲವೇ? ಇದ್ದವು. ನಮ್ಮ ಕೂಲಿಮಠಗಳಂಥ ಶಾಲೆಗಳು. ಒಬ್ಬ ಮೇಷ್ಟ್ರು, ಹತ್ತು ಹದಿನೈದು ಮಕ್ಕಳು, ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ತಮ್ಮ ತಮ್ಮ ಪಾಠ ಓದುವುದು. ಬಾಯಿಪಾಠವಾದ ಹುಡುಗ ಮೇಷ್ಟ್ರ ಮುಂದೆ ಬಂದು, ಪುಸ್ತಕ ಕಾಣದಂತೆ ಅವರಿಗೆ ಬೆನ್ನು ತಿರುಗಿಸಿ ನಿಂತು ಒಪ್ಪಿಸಬೇಕು. ಆ ಓದಿನ ತುದಿಯಲ್ಲಿ ಸಾಮ್ರಾಟರ ಪರೀಕ್ಷೆ. ಗೆದ್ದವನು ಅಧಿಕಾರಿ. ಸೋತವನು ಇನ್ನೊಂದು ಹಳ್ಳಿಯಲ್ಲಿ ಮೇಷ್ಟ್ರು. ನಾನು ಓದಿದ ಮಿಷನರಿ ಪತ್ರಗಳಲ್ಲಿ ಈ ಶಾಲೆಗಳನ್ನು ಸಾಮಾನ್ಯವಾಗಿ ಒಂದೇ ಪದದಲ್ಲಿ ಮುಗಿಸುತ್ತಾರೆ: ಗದ್ದಲ.

ಮಿಷನ್ ಶಾಲೆಗೆ ಮೊದಲು ಬಂದವರು ಬಡವರ ಮಕ್ಕಳು. ಅಕ್ಕಿ ಕೊಟ್ಟು, ಬಟ್ಟೆ ಕೊಟ್ಟು ಕರೆಸಿಕೊಂಡರು. ಭೂಗೋಳ ಕಲಿಸಿದರು, ಬೀಜಗಣಿತ ಕಲಿಸಿದರು, ಗ್ರಹಣ ಏಕೆ ಆಗುತ್ತದೆ ಎಂದು ಕಲಿಸಿದರು. ಹೆಣ್ಣುಮಕ್ಕಳಿಗೆ ಶಾಲೆ ತೆರೆದರು, ಕಟ್ಟಿದ ಪಾದಗಳ ಪಟ್ಟಿ ಬಿಚ್ಚಿಸಿದರು. ಇವೆಲ್ಲ ಸಣ್ಣ ಕೆಲಸಗಳೇ? ಅಲ್ಲ. ಸಾವಿರದ ಒಂಬೈನೂರ ಐದರಲ್ಲಿ ಸಾಮ್ರಾಟರ ಪರೀಕ್ಷೆಯೇ ರದ್ದಾಯಿತು. ಮಿಷನ್ ಶಾಲೆಯಲ್ಲಿ ಓದಿದವರಿಗೆ ದಾರಿ ತೆರೆದಿತ್ತು. ಮೂವತ್ತು ವರ್ಷ ಬಾಯಿಪಾಠ ಮಾಡಿದವರು ಒಂದು ಬೆಳಿಗ್ಗೆ ಎದ್ದಾಗ ಓದದವರಾಗಿದ್ದರು. ನಾನು ಪುಸ್ತಕದಲ್ಲಿ ಬರೆದದ್ದು ಹೆಚ್ಚುಕಡಿಮೆ ಇಷ್ಟೇ. ಓದಲು ಸಮಯವಿಲ್ಲದವರು ಇನ್ನು ಓದಬೇಕಾಗಿಲ್ಲ.

ಆದರೆ ಐದನೆಯ ಅಧ್ಯಾಯದಲ್ಲಿ ಒಬ್ಬ ಮಹಿಳೆ ಬರುತ್ತಾರೆ. ಯಾವ ಮಿಷನ್ನಿನವರು, ಯಾವ ಊರು ಎಂದು ಇಲ್ಲಿ ಹೇಳುವುದಿಲ್ಲ. ಅವರು ಒಳ್ಳೆಯವರು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಹೆಣ್ಣುಮಕ್ಕಳ ಶಾಲೆಯನ್ನು ಎರಡು ಕೋಣೆಯಲ್ಲಿ ಆರಂಭಿಸಿ, ಜ್ವರದಲ್ಲಿ ಮಲಗಿ, ಎದ್ದು, ಮತ್ತೆ ಪಾಠ ಮಾಡಿದವರು. ಪ್ರತಿವರ್ಷ ತಮ್ಮ ದೇಶದ ಚರ್ಚಿಗೆ ಒಂದು ಪತ್ರ ಬರೆಯುತ್ತಿದ್ದರು. ಆ ಪತ್ರವನ್ನು ಅಲ್ಲಿ ಭಾನುವಾರ ಓದಿ ಹೇಳಿದರೆ ಶಾಲೆಗೆ ಸಹಾಯ ಬರುತ್ತಿತ್ತು. ಆದ್ದರಿಂದ ಪತ್ರದಲ್ಲಿ ಒಂದು ಕಥೆ ಬೇಕಿತ್ತು. ಅವರಿಗೆ ಒಂದು ಕಥೆ ಸಿಕ್ಕಿತು. ಏಳು ವರ್ಷದ ಒಬ್ಬಳು ಹುಡುಗಿ. ಶಾಲೆ ಅವಳಿಗೆ ಗ್ರೇಸ್ ಎಂದು ಹೆಸರಿಟ್ಟಿತ್ತು. "ಒಬ್ಬ ಕೂಲಿಯವನು ಹೆಗಲಿನ ಅಡ್ಡೆಯ ಬುಟ್ಟಿಯಲ್ಲಿ ಈ ಮಗುವನ್ನು ತರಕಾರಿಯಂತೆ ಹೊತ್ತು ತಂದು ನಮ್ಮ ಬಾಗಿಲಲ್ಲಿ ಇಳಿಸಿದ. ತನ್ನ ಹೆಸರನ್ನೂ ಓದಲಾರದ ಆ ತಂದೆಗೆ ತಾನು ಏನು ಮಾಡುತ್ತಿದ್ದೇನೆ ಎಂದು ತಿಳಿದಿರಲಿಲ್ಲ. ದೇವರಿಗೆ ತಿಳಿದಿತ್ತು." ಹನ್ನೊಂದು ಪತ್ರಗಳಲ್ಲಿ ಈ ಕೂಲಿಯವನು ಬರುತ್ತಾನೆ. ಪತ್ರದಿಂದ ಪತ್ರಕ್ಕೆ ಅವನು ಹೆಚ್ಚು ಹೆಚ್ಚು ಬಡವನಾಗುತ್ತಾನೆ. ಆರನೆಯ ಪತ್ರದ ಹೊತ್ತಿಗೆ ಅವನ ಕಾಲಿನಲ್ಲಿ ಚಪ್ಪಲಿಯೂ ಇಲ್ಲ.

ನೀವು ನಕ್ಕಿರಿ. ನಾನೂ ಓದುವಾಗ ನಕ್ಕಿದ್ದೆ.

ಸಭಿಕರೇ, ಈಗ ನಮ್ಮ ವಿಷಯ.

ಎರಡು ಸಾವಿರದ ಮೂರನೆಯ ಇಸವಿ. ಇದೇ ರಿಯಾದಿನ ಬತ್ಹಾ ಪೇಟೆಯ ಒಂದು ಮೆಸ್ಸಿನಲ್ಲಿ ಅಡುಗೆ ಮಾಡುವವರೊಬ್ಬರು ಮಗಳನ್ನು ಆರನೆಯ ತರಗತಿಗೆ ಸೇರಿಸಲು ನಮ್ಮ ಶಾಲೆಗೆ ಬಂದರು. ಅವರ ಹೆಸರು ಹಂಝ. ಬಂಟ್ವಾಳದ ಕಡೆಯವರು. ನಿಮಗೆಲ್ಲ ಅವರು ಗೊತ್ತು, ಇಪ್ಪತ್ತು ವರ್ಷದಿಂದ ಈ ಸಂಘದ ಪ್ರತಿಯೊಂದು ಊಟವೂ ಅವರ ಕೈಯದು. ಮಗಳ ಹೆಸರು ನುಸೈಬಾ. ಅರ್ಜಿಯನ್ನು ಗುಮಾಸ್ತರು ತುಂಬಿದ್ದರು. ಸಹಿಯ ಜಾಗದಲ್ಲಿ ನೇರಳೆ ಬಣ್ಣದ ಹೆಬ್ಬೆಟ್ಟು ಇತ್ತು. ತಂದೆಯ ವಿದ್ಯಾಭ್ಯಾಸ ಎಂಬ ಅಂಕಣ ಖಾಲಿ ಇತ್ತು. ಖಾಲಿ ಬಿಟ್ಟ ಅರ್ಜಿಗೆ ನಾನು ರುಜು ಹಾಕುವುದಿಲ್ಲ. ಹೆಬ್ಬೆಟ್ಟು ನೋಡಿದೆ, ಪೆನ್ನು ತೆಗೆದು "ಅನಕ್ಷರಸ್ಥ" ಎಂದು ಬರೆದೆ. ಅವರು ನನ್ನ ಮೇಜಿನ ಆಚೆ ನಿಂತಿದ್ದರು. ನಾನು ಕೇಳಲಿಲ್ಲ. ಕೇಳಲು ಎರಡು ಸೆಕೆಂಡು ಸಾಕಿತ್ತು.

ಈ ದೇಶದಲ್ಲಿ ಕಾಗದದ ಮೇಲೆ ಬರೆದದ್ದನ್ನು ನಾವು ಎಷ್ಟು ನಂಬುತ್ತೇವೆ? ಇಲ್ಲಿ ಕುಳಿತವರಲ್ಲಿ ಎಷ್ಟು ಜನರ ವಾಸದ ಪರವಾನಗಿಯಲ್ಲಿ, ಇಕಾಮಾದಲ್ಲಿ, ಬರೆದ ಉದ್ಯೋಗವೂ ಮಾಡುವ ಉದ್ಯೋಗವೂ ಒಂದೇ? ಕೈ ಎತ್ತಬೇಡಿ, ಅಧ್ಯಕ್ಷರಿಗೆ ತೊಂದರೆಯಾಗುತ್ತದೆ. ನನಗೆ ಕೂದಲು ಕತ್ತರಿಸುವ ಮಹಾನುಭಾವರು ಇಕಾಮಾದ ಪ್ರಕಾರ ಜಾನುವಾರು ಸಾಕುವವರು. ನಮಗೆ ಇದೆಲ್ಲ ಗೊತ್ತಿದೆ. ಆದರೂ ನಾನೇ ಬರೆದ ಒಂದು ಪದವನ್ನು ಇಪ್ಪತ್ತೆರಡು ವರ್ಷ ನಂಬಿದೆ. ನನ್ನ ಕೈಬರಹವಲ್ಲವೇ?

ನುಸೈಬಾ ಬುದ್ಧಿವಂತೆ ಎಂಬುದು ತಿಂಗಳೊಳಗೆ ಎಲ್ಲರಿಗೂ ತಿಳಿಯಿತು. ಎರಡು ಸಾವಿರದ ಎಂಟರಲ್ಲಿ ಹತ್ತನೆಯ ತರಗತಿಯಲ್ಲಿ ಇಡೀ ಶಾಲೆಗೆ ಮೊದಲಿಗಳಾದಳು. ಆ ವರ್ಷ ಸಂಘದ ವಿದ್ಯಾನಿಧಿ ಆರಂಭವಾಗುವುದರಲ್ಲಿತ್ತು. ವಾರ್ಷಿಕೋತ್ಸವದಲ್ಲಿ ಮಾತನಾಡಲು ನನ್ನನ್ನು ಕರೆದಿದ್ದರು. ನನಗೆ ಒಂದು ಕಥೆ ಸಿಕ್ಕಿತ್ತು.

ಅವತ್ತು ನಾನು ಹಂಝ ಅವರನ್ನು ವೇದಿಕೆಗೆ ಕರೆದೆ. ಅಡುಗೆಯ ಜಾಗದಿಂದ ಕೈ ಒರೆಸಿಕೊಳ್ಳುತ್ತ ಬಂದರು, ಬಿಳಿ ಅಂಗಿ, ಮಡಚಿದ ತೋಳು. ಮಗಳ ಬಹುಮಾನವನ್ನು ಅವರ ಕೈಗೇ ಕೊಡುವುದು ನನ್ನ ಯೋಜನೆ. ಬಹುಮಾನ ಪಡೆದವರು ಸಂಘದ ಪುಸ್ತಕದಲ್ಲಿ ಸಹಿ ಮಾಡುವ ಪದ್ಧತಿ ಆಗ ಇತ್ತು. ನಾನು ಮುಂಚೆಯೇ ಆಲೋಚಿಸಿದ್ದೆ. ಜೇಬಿನಿಂದ ಸ್ಟ್ಯಾಂಪ್ ಪ್ಯಾಡ್ ತೆಗೆದೆ. ಮುನ್ನೂರು ಜನರ ಮುಂದೆ ಅದರ ಮುಚ್ಚಳ ತೆರೆದು, ಅವರ ಹೆಬ್ಬೆರಳನ್ನು ನಾನೇ ಹಿಡಿದು ಶಾಯಿಗೆ ಒತ್ತಿ, ಪುಸ್ತಕದ ಮೇಲೆ ಒತ್ತಿಸಿ, ಆ ಬೆರಳನ್ನು ಸಭೆಗೆ ಎತ್ತಿ ತೋರಿಸಿದೆ. "ಒಂದಕ್ಷರ ಬಾರದ ಈ ಬೆರಳು ನಮ್ಮ ಶಾಲೆಗೆ ಮೊದಲ ರ್‍ಯಾಂಕ್ ಕೊಟ್ಟಿದೆ" ಎಂದೆ. ಚಪ್ಪಾಳೆ. ಎಂಥ ಚಪ್ಪಾಳೆ! ಅಷ್ಟು ಚಪ್ಪಾಳೆ ನನಗೆ ಅದಕ್ಕೆ ಮುಂಚೆ ಬಂದಿರಲಿಲ್ಲ. ಎರಡು ಮಾತು ಆಡಿ ಎಂದು ಮೈಕು ಮುಂದೆ ಹಿಡಿದೆ. ಅವರು, "ಅಲ್‌ಹಮ್ದುಲಿಲ್ಲಾಹ್. ಎಲ್ಲರೂ ಊಟ ಮಾಡಿಯೇ ಹೋಗ್ಬೇಕು" ಎಂದರು. ಅದಕ್ಕೂ ಚಪ್ಪಾಳೆ. ಬೆರಳು ಒರೆಸಲು ಏನಾದರೂ ಕೊಡಬೇಕು ಎಂದು ನನಗೆ ಹೊಳೆಯಲಿಲ್ಲ. ಅವರು ಇಳಿಯುತ್ತ ಅಂಗಿಯ ಒಳಮಡಿಕೆಗೆ ಒರೆಸಿಕೊಂಡರು.

ವಿದ್ಯಾನಿಧಿಗೆ ಅವತ್ತೇ ಹೆಸರು ಬರೆಸಿದವರು ಇಲ್ಲಿದ್ದಾರೆ. ನಿಮ್ಮಿಂದ ಅನೇಕ ಮಕ್ಕಳು ಓದಿದ್ದಾರೆ. ಅದು ಒಳ್ಳೆಯದೇ ಆಯಿತಲ್ಲ ಎಂದು ಯಾರಾದರೂ ಹೇಳಬಹುದು. ಆ ಮಹಿಳೆಯೂ ಹೇಳಬಹುದಿತ್ತು. ಅವರ ಶಾಲೆಯೂ ಬೆಳೆಯಿತು.

ನಾನು ಈ ವೇದಿಕೆಗೆ ಬರುವಾಗ ಒಂದೇ ವಾಕ್ಯ ಹೇಳಬೇಕೆಂದುಕೊಂಡಿದ್ದೆ. ನನ್ನ ಪುಸ್ತಕದಲ್ಲಿ ಒಂದು ತಪ್ಪಿದೆ, ತಿದ್ದಿಕೊಳ್ಳಿ ಎಂದು. ಅದರಿಂದ ಮುಗಿಯುವುದಿಲ್ಲ ಎಂದು ಈಗ ಕಾಣುತ್ತಿದೆ. ಅಧ್ಯಕ್ಷರೇ, ಐದು ನಿಮಿಷ ಹೆಚ್ಚು ಕೊಡಿ.

ಅದು ತಪ್ಪಾಗಿರಲಿಲ್ಲ. ತಪ್ಪು ಎಂದರೆ ತಿಳಿಯದೆ ಮಾಡಿದ್ದು. ವಾರ್ಷಿಕೋತ್ಸವ ಕಳೆದು ನಾಲ್ಕು ದಿನಕ್ಕೆ ನುಸೈಬಾ ತಾಯಿಯ ಜೊತೆ ನನ್ನ ಕಚೇರಿಗೆ ಬಂದಳು. ಅಂಕಪಟ್ಟಿಯ ನಕಲಿಗೆ ರುಜು ಬೇಕಿತ್ತು. ರುಜು ಹಾಕಿದೆ. ಅವಳು ಹೋಗಲಿಲ್ಲ. "ಸರ್, ನಮ್ಮ ಉಪ್ಪ ಓದ್ತಾರೆ" ಎಂದಳು.

ಏನಮ್ಮ, ನಿಮ್ಮ ತಂದೆಯೇ ಎಂದೆ.

"ಅವರು ಊರಲ್ಲಿ ಮದ್ರಸದಲ್ಲಿ ಮಕ್ಕಳಿಗೆ ಕಲಿಸ್ತಿದ್ದದ್ದು ಸರ್. ಏಳು ವರ್ಷ. ಅರಬಿ ಅಕ್ಷರದಲ್ಲಿ ಮಲಯಾಳ ಬರೀತಾರಲ್ಲ, ಅದು. ಅವರತ್ರ ಪುಸ್ತಕ ಸುಮಾರುಂಟು. ಬತ್ಹಾದ ರೂಮಲ್ಲಿ ಎಲ್ಲರ ಊರಿನ ಕಾಗದ ಬರೀತಿದ್ದದ್ದು ಅವರೇ. ನನಗೆ ಮೊದಲು ಓದ್ಲಿಕ್ಕೆ ಕಲಿಸಿದ್ದು ಸಹ ಅವರೇ."

ಹಾಗಾದರೆ ಹೆಬ್ಬೆಟ್ಟು ಏಕೆ? ನಾನು ಹೀಗೆ ಕೇಳಿದೆ. ಉಪಪ್ರಾಂಶುಪಾಲನ ಧ್ವನಿಯಲ್ಲಿ ಕೇಳಿದೆ.

"ಪಾಸ್‌ಪೋರ್ಟಲ್ಲಿ ಹಾಗೇ ಉಂಟಲ್ಲ ಸರ್. ಬಾಂಬೆಯಲ್ಲಿ ಏಜೆಂಟ್ ಗಡಿಬಿಡಿಯಲ್ಲಿ ಒತ್ತಿಸಿದ್ದು. ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ಫಾರ್ಮಲ್ಲಿ ಇರ್ಬೇಕಂತ ನಿಮ್ಮ ಆಫೀಸಿನವರೇ ಹೇಳಿದ್ದು."

ಅವಳ ತಾಯಿ ಅವಳ ತೋಳು ಹಿಡಿದು, "ಸಾಕು, ಬಾ" ಎಂದರು. ನಾನು "ಆಯ್ತಮ್ಮ, ಸಂತೋಷ" ಎಂದೆ. ಸಂತೋಷ ಎಂದೆ, ಸಭಿಕರೇ.

ನಾನು ಹುಣಸೂರಿನವನು, ಬ್ಯಾರಿಗಳ ಮದ್ರಸದಲ್ಲಿ ಯಾವ ಅಕ್ಷರ ಕಲಿಸುತ್ತಾರೆ ಎಂದು ನನಗೆ ಹೇಗೆ ತಿಳಿಯಬೇಕು? ಹೀಗೆ ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಆದರೆ ಈಗ ತಿಳಿದಿತ್ತಲ್ಲ? ಮರುವರ್ಷ ಜಿದ್ದಾದ ಸಂಘದವರು ಕರೆದರು. ವಿಮಾನದಲ್ಲಿ ಟಿಪ್ಪಣಿ ಮಾಡಿಕೊಳ್ಳುವಾಗ ಕಥೆಯನ್ನು ಬಿಡಬೇಕೆಂದುಕೊಂಡೆ. ಮೈಕಿನ ಮುಂದೆ ನಿಂತಾಗ ಸಭೆ ತಣ್ಣಗಿತ್ತು. ಹೇಳಿದೆ. ದಮ್ಮಾಮಿನಲ್ಲಿ ಹೇಳಿದೆ. ಇಲ್ಲಿ ಪ್ರತಿ ವರ್ಷವೂ ಹೇಳಿದೆ. ಬುರೈದಾದಲ್ಲಿ ಹೇಳಿದ್ದನ್ನು ಡಾಕ್ಟರ್ ಚೇತನ್ ಕೇಳಿದ್ದಾರೆ. ಅಲ್ಲಿ ಒಂದು ವಿವರ ಸೇರಿಸಿದೆ: ಆ ತಂದೆ ಮಗಳ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದರು ಎಂದು. ನಾನು ಅದನ್ನು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣು ಒರೆಸಿಕೊಂಡರು. ಅದಾದ ಮೇಲೆ ಆ ವಿವರವನ್ನು ಬಿಡಲು ನನ್ನಿಂದಾಗಲಿಲ್ಲ.

ನಾನು ನೋಡಿದ್ದು ಬೇರೆಯದೇ. ಆ ವಾರ್ಷಿಕೋತ್ಸವಕ್ಕೂ ಮುಂಚೆ, ಒಂದು ಶುಕ್ರವಾರ ಬತ್ಹಾದಲ್ಲಿ ಮಾವಿನ ಉಪ್ಪಿನಕಾಯಿ ಹುಡುಕುತ್ತ ಅವರ ಮೆಸ್ಸಿಗೆ ಹೋಗಿದ್ದೆ. ಊಟದ ಹೊತ್ತು ಮುಗಿದಿತ್ತು. ಒಳಗೆ ಆರೇಳು ಜನ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ನಡುವೆ ಹಂಝ, ಮೂಗಿನ ಮೇಲೆ ಕನ್ನಡಕ, ತೊಡೆಯ ಮೇಲೆ ಒಂದು ಹಳೆಯ ಪುಸ್ತಕ. ರಾಗವಾಗಿ ಓದುತ್ತಿದ್ದರು. ನಡುನಡುವೆ ನಿಲ್ಲಿಸಿ ಏನೋ ವಿವರಿಸುತ್ತಿದ್ದರು, ಒಬ್ಬ ಏನೋ ಕೇಳುತ್ತಿದ್ದ, ಇವರು ಹಾಳೆ ಹಿಂದೆ ತಿರುಗಿಸಿ ಬೆರಳಿಟ್ಟು ತೋರಿಸುತ್ತಿದ್ದರು. ಅದೇ ಬೆರಳು. ನಾನು ಬಾಗಿಲಲ್ಲಿ ಎರಡು ನಿಮಿಷ ನಿಂತಿದ್ದೆ. ಬಾಯಿಪಾಠ ಒಪ್ಪಿಸುತ್ತಿದ್ದಾರೆ ಎಂದುಕೊಂಡು ಹಿಂದಿರುಗಿದೆ. ನೋಡಿದ್ದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಗದ್ದಲ ಎಂದು ಬರೆದವರಿಗೂ ಹೀಗೇ ಆಗಿರಬಹುದು.

ಅವರು ಏಕೆ ಏನೂ ಹೇಳಲಿಲ್ಲ ಎಂದು ನೀವು ಕೇಳಬಹುದು. ಮಗಳು ಆ ಶಾಲೆಯಲ್ಲಿ ಇನ್ನೂ ಎರಡು ವರ್ಷ ಓದಬೇಕಿತ್ತು. ಪ್ರತಿಯೊಂದು ಕಾಗದಕ್ಕೂ ನನ್ನ ರುಜು ಬೇಕಿತ್ತು. ಇದಕ್ಕಿಂತ ಹೆಚ್ಚಿನ ಕಾರಣ ಬೇಕೇ?

ಈಗ ಮತ್ತೆ ಚೀನಾಕ್ಕೆ. ಚಿಕ್ಕದಾಗಿ.

ಆ ಮಹಿಳೆಯ ಶಾಲೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಒಂದು ಸಂಚಿಕೆ ತಂದರು. ಗ್ರೇಸ್ ಆಗ ಅದೇ ಶಾಲೆಯಲ್ಲಿ ಮೇಡಂ. ಸಂಚಿಕೆಯ ಕೊನೆಯಲ್ಲಿ, ಉಪಕಾರ ಸ್ಮರಣೆಯ ಕೆಳಗೆ, ಅವಳದೊಂದು ಟಿಪ್ಪಣಿ ಇದೆ. ಎಂಟೇ ಸಾಲು. ನನ್ನ ಪುಸ್ತಕದ ನೂರ ಹನ್ನೆರಡನೆಯ ಪುಟದಲ್ಲಿ ಅದರ ಅನುವಾದವಿದೆ, ಓದುತ್ತೇನೆ.

"ನನ್ನ ತಂದೆ ಕೂಲಿಯವರಲ್ಲ. ಹಳ್ಳಿಯ ಶಾಲೆಯ ಮೇಷ್ಟ್ರು. ಜಿಲ್ಲೆಯ ಪರೀಕ್ಷೆಯಲ್ಲಿ ನಾಲ್ಕು ಸಲ ಸೋತರು. ನನ್ನನ್ನು ಅಡ್ಡೆಯ ಒಂದು ಬುಟ್ಟಿಯಲ್ಲಿ ಕೂರಿಸಿ, ತೂಕ ಸರಿಯಾಗಲೆಂದು ಇನ್ನೊಂದು ಬುಟ್ಟಿಯಲ್ಲಿ ತಮ್ಮ ಪುಸ್ತಕಗಳನ್ನು ಇಟ್ಟು ಒಂಬತ್ತು ಮೈಲಿ ನಡೆದರು. ಪುಸ್ತಕಗಳನ್ನು ಶಾಲೆಗೇ ಕೊಟ್ಟು ಹೋದರು. ಅವು ಅಡುಗೆಮನೆಯ ಸೂರಿನ ಕೆಳಗೆ ಎರಡು ಮಳೆಗಾಲ ಇದ್ದವು, ಆಮೇಲೆ ನಾನು ನೋಡಲಿಲ್ಲ. ಈ ವಿಷಯವನ್ನು ಚಿಕ್ಕವಳಿದ್ದಾಗ ನಾನು ಮೇಡಂ ಅವರಿಗೆ ಹೇಳಿದ್ದೆ. ಅವರು ಮರೆತಿರಬೇಕು."

ಇದನ್ನು ಅನುವಾದ ಮಾಡಿದ ದಿನ ನನಗೆ ಊಟ ಸೇರಲಿಲ್ಲ. ಏನಾಯ್ತು ರೀ ಎಂದು ಉಷಾ ಕೇಳಿದರೆ, ನೂರ ಇಪ್ಪತ್ತು ವರ್ಷದ ಹಿಂದಿನ ಒಬ್ಬ ತಂದೆಗೆ ಅನ್ಯಾಯವಾಗಿದೆ ಎಂದೆ. ಒಂದೂವರೆ ಪುಟ ವ್ಯಾಖ್ಯಾನ ಬರೆದೆ. ಆಧುನಿಕ ಶಿಕ್ಷಣವು ತನಗಿಂತ ಮುಂಚಿನ ಓದನ್ನು ಓದು ಎಂದು ಗುರುತಿಸಲಿಲ್ಲ ಎಂದು ಬರೆದೆ. ಒಳ್ಳೆಯ ವಾಕ್ಯ. ಈಗಲೂ ಒಪ್ಪುತ್ತೇನೆ. ಅದೇ ವಾರ ಪುಸ್ತಕದ ಅರ್ಪಣೆಯನ್ನೂ ಬರೆದೆ. ನಿಮ್ಮ ಕೈಯಲ್ಲಿರುವ ಪ್ರತಿಯ ಮೊದಲ ಪುಟ ತೆರೆದರೆ ಕಾಣುತ್ತದೆ: "ಒಂದಕ್ಷರವೂ ಬಾರದೆ ಮಗಳಿಗೆ ಅಕ್ಷರ ಕೊಡಿಸಿದ ಬತ್ಹಾದ ಆ ತಂದೆಗೆ."

ಮೊದಲ ಪುಟ ಮತ್ತು ನೂರ ಹನ್ನೆರಡನೆಯ ಪುಟ. ಎರಡನ್ನೂ ಬರೆದವನು ನಾನು. ಕರಡು ತಿದ್ದಿದವನು ನಾನು, ಮೂರು ಸಲ. ಮೈಸೂರಿನ ಪ್ರೆಸ್ಸಿನವರು ಅಚ್ಚಿನ ತಪ್ಪೇ ಇಲ್ಲ ಸಾರ್ ಎಂದು ಹೊಗಳಿದರು.

ನುಸೈಬಾ ಈಗ ದಮ್ಮಾಮಿನಲ್ಲಿ ಜೀವಶಾಸ್ತ್ರದ ಮೇಡಂ. ಅವಳಿಗೆ ಒಂದು ಪ್ರತಿ ಕಳಿಸಿದ್ದೆ, ಹೆಮ್ಮೆಯಿಂದ. ಕಳೆದ ಶನಿವಾರ ಅವಳಿಂದ ವಾಟ್ಸಾಪಿನಲ್ಲಿ ಎರಡು ಚಿತ್ರ ಬಂದವು. ಮೊದಲ ಪುಟದ ಫೋಟೋ. ನೂರ ಹನ್ನೆರಡನೆಯ ಪುಟದ ಫೋಟೋ. ಕೆಳಗೆ ಏನೂ ಬರೆದಿರಲಿಲ್ಲ. ನಾನು ಬರೆದೆ, ಅಳಿಸಿದೆ, ಬರೆದೆ, ಅಳಿಸಿದೆ. ಕೊನೆಗೆ ಕೈಮುಗಿದ ಚಿಹ್ನೆಯೊಂದನ್ನು ಕಳಿಸಿದೆ. ಇಪ್ಪತ್ತೇಳು ವರ್ಷ ಮಕ್ಕಳಿಗೆ ಪ್ರಬಂಧ ಬರೆಯಿಸಿದ ಮೇಷ್ಟ್ರು ನಾನು.

ಇಂದು ನನಗೆ ಶಾಲು ಹೊದಿಸಲು ಅವಳನ್ನೇ ಕರೆಯಬೇಕೆಂದು ಸಂಘದವರು ಫೋನು ಮಾಡಿದ್ದರಂತೆ. ಶಾಲೆಯಲ್ಲಿ ರಜೆ ಸಿಗುವುದಿಲ್ಲ ಎಂದಳಂತೆ. ಇಂದು ಶುಕ್ರವಾರ. ಈ ದೇಶದಲ್ಲಿ ಇಂದು ಯಾವ ಶಾಲೆ ತೆರೆದಿದೆ?

ಸಭಿಕರೇ, ಇನ್ನೊಂದೇ ಮಾತು. ಅದನ್ನು ಹೇಳುವ ಉದ್ದೇಶ ನನಗಿರಲಿಲ್ಲ.

ಬೆಳಿಗ್ಗೆ ನಾವು ಸಂಘ ಬಾಡಿಗೆಗೆ ಹಿಡಿದ ಈ ಇಸ್ತಿರಾಹಕ್ಕೆ ಬಂದು ಕಾರಿನಿಂದ ಇಳಿದಾಗ, ಆಚೆ ಗೋಡೆಯ ಬಳಿ ಹಂಝ ಅವರು ಒಲೆ ಹೊತ್ತಿಸುತ್ತಿದ್ದರು. ಅವರಿಗೆ ಅರವತ್ತನಾಲ್ಕು. ಬರುವ ಗುರುವಾರ ಅವರೂ ಎಕ್ಸಿಟ್ ಮೇಲೆ ಊರಿಗೆ ಹೋಗುತ್ತಿದ್ದಾರೆ, ನನಗಿಂತ ಮುಂಚೆ. ಅವರಿಗೆ ಬೀಳ್ಕೊಡುಗೆ ಇಲ್ಲ, ನನ್ನ ಬೀಳ್ಕೊಡುಗೆಗೆ ಅವರ ಅಡುಗೆ ಇದೆ. ನನ್ನನ್ನು ಕಂಡು ನಗುತ್ತ ಎದ್ದು ಬಂದರು. "ಎಂತ ಮಾಷ್ಟ್ರೇ, ಇವತ್ತು ಸಹ ನನ್ನ ಕಥೆ ಉಂಟಾ?" ಎಂದರು. ನನಗೆ ಅರ್ಥವಾಗಲಿಲ್ಲ. "ಇದ್ರೆ ಈಗ್ಲೇ ಹೇಳಿ ಮಾರಾಯ್ರೆ. ಆ ಹೊತ್ತಿಗೆ ನಾನು ಐಸ್ ತರ್ಲಿಕ್ಕೆ ಹೋಗ್ತೇನೆ."

ತಮಾಷೆಯಾಗಿಯೇ ಹೇಳಿದರು. ಅವರ ಜೊತೆಯ ಅಡುಗೆಯವರೂ ನಕ್ಕರು. ಆ ನಗು ಹಳೆಯದು, ಬಹಳ ಸಲ ನಕ್ಕು ಸವೆದದ್ದು ಎಂದು ನನಗೆ ಆಗ ಹೊಳೆಯಿತು.

"ಇಲ್ಲ ಹಂಝಾಕ. ಇವತ್ತು ಇಲ್ಲ" ಎಂದೆ.

"ಹಾಗಾದ್ರೆ ಒಳ್ಳೆದಾಯ್ತು. ಐಸ್ ನಿನ್ನೆಯೇ ತಂದಿಟ್ಟದ್ದುಂಟು" ಎಂದು ಒಲೆಯ ಕಡೆ ಹೋದರು.

ಉಷಾ ಇಲ್ಲಿಗೆ ನಡೆದು ಬರುವಾಗ ಮೆಲ್ಲಗೆ ಹೇಳಿದಳು: "ರೀ, ಪ್ರತಿ ವರ್ಷ ನಿಮ್ಮ ಭಾಷಣದ ಹೊತ್ತಿಗೇ ಐಸ್ ಖಾಲಿಯಾಗ್ತಿತ್ತಲ್ಲ. ನೀವು ಯಾವತ್ತೂ ಗಮನಿಸ್ಲಿಲ್ವಾ?"

ಹದಿನೇಳು ವರ್ಷ, ಸಭಿಕರೇ. ನಾನು ಮೈಕಿನ ಮುಂದೆ ನಿಂತಾಗಲೆಲ್ಲ ಅವರು ಗಾಡಿ ಹತ್ತಿ ಈ ಖರ್ಜ್ ರಸ್ತೆಯ ಯಾವುದೋ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಚಪ್ಪಾಳೆ ನಿಲ್ಲುವಷ್ಟು ಹೊತ್ತು. ಆಮೇಲೆ ಬಂದು ನಮಗೆ ಬಡಿಸುತ್ತಿದ್ದರು.

ಇಂದು ಅವರು ಹೋಗಿಲ್ಲ. ನಾನು ಇಲ್ಲ ಎಂದಿದ್ದೆನಲ್ಲ, ನಂಬಿದ್ದಾರೆ. ಅಡುಗೆಯವರಿಗೂ ಕೇಳಲಿ ಎಂದು ಮೈಕು ನೋಡಿಕೊಳ್ಳುವ ನಿಯಾಝ್ ಒಂದು ಸ್ಪೀಕರನ್ನು ಆ ಗೋಡೆಯ ಬಳಿ ಇಟ್ಟಿದ್ದಾರೆ. ನಾನು ಇಷ್ಟು ಹೊತ್ತು ಹೇಳುತ್ತಿರುವುದು ಅದೇ ಕಥೆ. ಈ ಸಲ ನನ್ನನ್ನು ಬೈದುಕೊಳ್ಳುತ್ತ ಹೇಳಿದೆ, ಅಷ್ಟೇ. ಬೆರಳನ್ನು ಮತ್ತೆ ಎತ್ತಿ ತೋರಿಸಿದೆ. ನಿಮ್ಮಲ್ಲಿ ಕೆಲವರು ಕಣ್ಣು ಒರೆಸಿಕೊಳ್ಳುತ್ತಿರುವುದು ಇಲ್ಲಿಂದ ಕಾಣುತ್ತಿದೆ. ದಯವಿಟ್ಟು ಬೇಡ. ನನಗೆ ಅದರ ರುಚಿ ಗೊತ್ತಿದೆ.

ಯಾರೋ ಎದ್ದು ಬಾಗಿಲ ಕಡೆ ಹೊರಟಿದ್ದಾರೆ. ಅವರನ್ನು ಕರೆತರಲು ಹೋಗುತ್ತಿದ್ದರೆ, ಅಣ್ಣ, ಕೂತುಕೊಳ್ಳಿ. ಅವರನ್ನು ವೇದಿಕೆಗೆ ಕರೆದದ್ದು ಒಂದು ಸಲ ಸಾಕು. ಈ ಶಾಲನ್ನು ಅವರಿಗೆ ಹೊದಿಸೋಣ ಎಂದು ಅಧ್ಯಕ್ಷರು ಕಣ್ಣಿನಲ್ಲೇ ಸೂಚಿಸುತ್ತಿದ್ದಾರೆ. ಬೇಡ ಸ್ವಾಮಿ. ಅವರು ಬಿಸಿ ಪಾತ್ರೆಯ ಪಕ್ಕದಲ್ಲಿ ನಿಂತಿದ್ದಾರೆ. ನಿಮ್ಮಲ್ಲಿ ಒಂದು ವಿನಂತಿ ಮಾತ್ರ. ಇಂದಿನ ಸ್ಮರಣ ಸಂಚಿಕೆಯ ಹದಿನೇಳನೆಯ ಪುಟದಲ್ಲಿ ಸ್ಟ್ಯಾಂಪ್ ಪ್ಯಾಡಿನ ಆ ಹಳೆಯ ಫೋಟೋ ಇದೆ, ಹಾಕಿಸಿದವನು ನಾನೇ. ಅದನ್ನು ಯಾರಿಗೂ ಮೊಬೈಲಿನಲ್ಲಿ ಕಳಿಸಬೇಡಿ. ಪುಸ್ತಕದ ಅರ್ಪಣೆಯ ಪುಟವನ್ನು ಹರಿಯಿರಿ ಎಂದು ಹೇಳಲಾರೆ, ಹರಿದರೆ ಹೊಸ ಕಥೆಯಾಗುತ್ತದೆ. ಅಲ್ಲಿ "ಒಂದಕ್ಷರವೂ ಬಾರದೆ" ಎಂಬ ಎರಡು ಪದಗಳಿವೆ. ಮನೆಗೆ ಹೋದ ಮೇಲೆ ಪೆನ್ನಿನಿಂದ ಹೊಡೆದುಹಾಕಿ. ಉಳಿದದ್ದು ನಿಜ. ನಾನು ನಿನ್ನೆ ರಾತ್ರಿಯಾದರೂ ದಮ್ಮಾಮಿಗೆ, ನುಸೈಬಾಳಿಗೆ, ಕಳಿಸಬೇಕಾಗಿದ್ದ ತಿದ್ದುಪಡಿಯೂ ಅಷ್ಟೇ ಇತ್ತು, ಕಳಿಸಲಿಲ್ಲ. ಊಟದ ಮೇಲೆ ಕಳಿಸುತ್ತೇನೆ, ಚಿಹ್ನೆ ಇಲ್ಲದೆ, ಮಾತಿನಲ್ಲಿ.

ಹಂಝಾಕ, ಬೆಳಿಗ್ಗೆ ನಿಮಗೆ ಇಲ್ಲ ಎಂದು ಹೇಳಿ ಮಾತು ತಪ್ಪಿದೆ. ಇನ್ನು ಹೇಳುವುದಿಲ್ಲ.

ನನ್ನನ್ನು ಸಹಿಸಿಕೊಂಡ ಅಧ್ಯಕ್ಷರಿಗೆ, ಮುಖ್ಯ ಅತಿಥಿಗಳಿಗೆ, ನಾನೇ ಬರೆದುಕೊಟ್ಟದ್ದನ್ನು ನಂಬಿ ಓದಿದ ಶ್ರಾವ್ಯಾ ಅವರಿಗೆ, ಹಸಿದಿದ್ದರೂ ಕುಳಿತಿದ್ದ ನಿಮಗೆ ನಾನು ಋಣಿ. ದಯವಿಟ್ಟು ಚಪ್ಪಾಳೆ ಬೇಡ, ನೇರವಾಗಿ ಊಟಕ್ಕೆ ಏಳಿ. ಐಸ್ ಕಡಿಮೆ ಬಿದ್ದರೆ ಇವತ್ತು ನಾನು ಹೋಗಿ ತರುತ್ತೇನೆ.

ನಮಸ್ಕಾರ.